ತಮ್ಮನಿಗೆ ಡಿಸ್ಲೆಕ್ಸಿಯಾ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಡಿಗ್ರಿಯಲ್ಲಿ ಸಿಗುವುದಿಲ್ಲವೇ?

ಮದ್ದೂರಿನ ಅಕ್ಕ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನಮ್ಮದು ಮದ್ದೂರಿನ ಹತ್ತಿರದ ಹಳ್ಳಿ. ನಾನು ಮೈಸೂರಿನಲ್ಲಿ ಕೆಲಸ ಮಾಡುತ್ತೇನೆ. ತಮ್ಮ ನನ್ನ ಜೊತೆಗೇ ಇದ್ದು ಇಲ್ಲೇ ಒಂದು ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದಾನೆ, ಈಗ ಎರಡನೇ ಸೆಮಿಸ್ಟರ್. ಏಳನೇ ಕ್ಲಾಸಿನಲ್ಲಿದ್ದಾಗ ಅವನಿಗೆ ಡಿಸ್ಲೆಕ್ಸಿಯಾ (ಬುದ್ಧಿ ಚುರುಕಿದ್ದರೂ ಓದು, ಬರಹ ಕಷ್ಟವಾಗುವ ಕಲಿಕಾ ತೊಂದರೆ) ಇದೆ ಎಂದು ಗೊತ್ತಾಯಿತು. ಅಲ್ಲಿವರೆಗೆ ಮನೆಯಲ್ಲೂ ಸ್ಕೂಲಿನಲ್ಲೂ ಅವನಿಗಿದ್ದ ಹೆಸರು ಸೋಮಾರಿ. ನಾನೂ ಹಾಗೇ ಕರೆದಿದ್ದೇನೆ. ಒಂದು ದಿನ ಕೋಪದಲ್ಲಿ ಅವನ ಕಾಪಿ ಪುಸ್ತಕ ಹರಿದು ಹಾಕಿದ್ದೆ. ಅವನು ಅಳಲಿಲ್ಲ. ಚೂರುಗಳನ್ನು ಆರಿಸಿ ಬ್ಯಾಗಿಗೆ ಹಾಕಿಕೊಂಡ.

ಎಸ್ಸೆಸ್ಸೆಲ್ಸಿ, ಪಿಯುಸಿ ಎರಡರಲ್ಲೂ ಹೆಚ್ಚು ಸಮಯ ಕೊಟ್ಟರು. ಪಾಸಾದ, ಒಳ್ಳೆಯ ಮಾರ್ಕ್ಸೇ ಬಂತು. ಫಿಸಿಕ್ಸ್ ಅಂದರೆ ಅವನಿಗೆ ಪ್ರಾಣ. ಊರಿನಲ್ಲಿ ಪಂಪ್‌ಸೆಟ್ ಮೋಟಾರ್ ನಿಂತರೆ ಅಪ್ಪ ಮೊದಲು ಇವನಿಗೇ ಫೋನ್ ಮಾಡುತ್ತಾರೆ. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ. ಬರೆಯಲು ಕೂತರೆ ಒಂದು ಪುಟಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ.

ಮೊದಲ ಸೆಮಿಸ್ಟರಿನಲ್ಲಿ ಎರಡು ಪೇಪರ್ ಹೋಯಿತು. ಎರಡರಲ್ಲೂ ಕೊನೆಯ ಪ್ರಶ್ನೆಗಳನ್ನು ಮುಟ್ಟೇ ಇಲ್ಲ, ಅಷ್ಟರಲ್ಲಿ ಟೈಮ್ ಮುಗಿದಿತ್ತು. ಕಾಲೇಜಿಗೆ ಹೋಗಿ ಕೇಳಿದೆ. "ಅದೆಲ್ಲ ಸ್ಕೂಲ್ ಮಕ್ಕಳಿಗೆ ಕಣಮ್ಮ, ಡಿಗ್ರಿಯಲ್ಲಿ ಇಲ್ಲ. ಬರೆಯೋಕೆ ಆಗದವನು ಸೈನ್ಸ್ ಯಾಕೆ ತಗೊಂಡ?" ಎಂದರು. ತಮ್ಮ ಪಕ್ಕದಲ್ಲೇ ನಿಂತಿದ್ದ. ಆಚೆ ಬಂದವನು "ಬಿಡಕ್ಕ, ನಾನು ಐಟಿಐಗೆ ಸೇರ್ಕೋತೀನಿ" ಎಂದ.

ಪರೀಕ್ಷೆಗೆ ಇನ್ನು ಏಳು ವಾರ ಇದೆ. ನಿಜವಾಗಲೂ ಡಿಗ್ರಿಯಲ್ಲಿ ಇದು ಇಲ್ವಾ?

ಕುಕ್ಕರಹಳ್ಳಿ ದಂಡೆ
ಸೋಮವಾರ, ರಾತ್ರಿ 9:58

ಇದೆ. ನಿಮಗೆ ತಪ್ಪು ಹೇಳಿದ್ದಾರೆ.

1995ರ ಹಳೆಯ ಕಾನೂನಿನಲ್ಲಿ ಏಳೇ ಬಗೆಯ ಅಂಗವೈಕಲ್ಯ ಇತ್ತು. ಅದರಲ್ಲಿ ಡಿಸ್ಲೆಕ್ಸಿಯಾ ಇರಲಿಲ್ಲ, ಆಟಿಸಂ ಕೂಡ ಇರಲಿಲ್ಲ. 2016ರ ಹೊಸ ಕಾನೂನಿನಲ್ಲಿ ಪಟ್ಟಿ 21ಕ್ಕೆ ಏರಿತು. ನಿರ್ದಿಷ್ಟ ಕಲಿಕಾ ನ್ಯೂನತೆ ಎಂಬ ಹೆಸರಿನಲ್ಲಿ ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ (ಬರೆಯುವ ತೊಂದರೆ), ಡಿಸ್ಕ್ಯಾಲ್ಕುಲಿಯಾ (ಲೆಕ್ಕದ ತೊಂದರೆ) ಎಲ್ಲ ಒಳಗೆ ಬಂದವು. ಸ್ಕೂಲ್ ಬಿಟ್ಟ ಮೇಲೆ ಇದು ನಿಲ್ಲುತ್ತದೆ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಉನ್ನತ ಶಿಕ್ಷಣದಲ್ಲಿ 5% ಸೀಟು ಮೀಸಲು ಎಂದು ಅದೇ ಕಾನೂನು ಹೇಳುತ್ತದೆ. ಸೀಟು ಕೊಟ್ಟು ಪರೀಕ್ಷೆ ಬರೆಯಲು ಬಿಡದಿದ್ದರೆ ಸೀಟು ಯಾಕೆ?

2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಲಿಖಿತ ಪರೀಕ್ಷೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ ಹೆಚ್ಚುವರಿ ಸಮಯ. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಪ್ರಿಂಟ್ ತೆಗೆದು ತಗೊಂಡು ಹೋಗಿ.

ಟಪಾಲು ಸೆಕ್ಷನ್

ಬರೆದು ಕೊಡಿ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಇಲ್ಲ ಅಂತಾರೆ. ಪ್ರಿನ್ಸಿಪಾಲರ ಹೆಸರಿಗೆ ಅರ್ಜಿ, ಎರಡು ಪ್ರತಿ. ಒಂದರ ಮೇಲೆ ಸ್ವೀಕೃತಿ ಸೀಲ್, ತಾರೀಕು ಹಾಕಿಸಿಕೊಳ್ಳಿ. 30 ವರ್ಷ ಸರ್ಕಾರಿ ಆಫೀಸಿನಲ್ಲಿ ಕೂತು ಹೇಳುತ್ತಿದ್ದೇನೆ. ಸೀಲ್ ಬಿದ್ದ ಕಾಗದಕ್ಕೆ ಯಾರಾದರೂ ಉತ್ತರ ಬರೆಯಲೇಬೇಕು.

ಫೈನಲ್ ಇಯರ್ ಫಿಸಿಕ್ಸ್
ಸೋಮವಾರ, ರಾತ್ರಿ 10:31

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ತಮ್ಮನ ಮೇಲೆ ನನಗೆ ಏನೂ ಇಲ್ಲ. ಆದರೆ ನನಗೂ ಮೂರು ಗಂಟೆ ಸಾಕಾಗುವುದಿಲ್ಲ. ನನ್ನ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಸಾಕಾಗುವುದಿಲ್ಲ. ನಾವು ಕೈ ನೋವು ಬಂದರೂ ಬರೆಯುತ್ತೇವೆ. ಒಬ್ಬನಿಗೆ ಒಂದು ಗಂಟೆ ಜಾಸ್ತಿ ಕೊಟ್ಟು ಒಂದೇ ಮೆರಿಟ್ ಲಿಸ್ಟಿನಲ್ಲಿ ಹಾಕಿದರೆ ಉಳಿದವರಿಗೆ ಅನ್ಯಾಯ ಅಲ್ವಾ? ಎಂಎಸ್ಸಿ ಸೀಟು ಒಂದೊಂದು ಮಾರ್ಕಿಗೆ ತಪ್ಪಿಹೋಗುತ್ತದೆ.

ಕನ್ನಡಕದ ಮೇಡಂ
ಸೋಮವಾರ, ರಾತ್ರಿ 11:05

ನಾನು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ, 17 ವರ್ಷ ಆಯಿತು. ಫಿಸಿಕ್ಸ್ ಅವರ ಪ್ರಶ್ನೆ ನ್ಯಾಯವಾದದ್ದೇ, ಸ್ಟಾಫ್ ರೂಮಿನಲ್ಲೂ ಇದನ್ನೇ ಕೇಳುತ್ತಾರೆ.

ನಾನು ಕನ್ನಡಕ ಹಾಕಿಕೊಂಡು ಪೇಪರ್ ತಿದ್ದುತ್ತೇನೆ. ಕನ್ನಡಕ ತೆಗೆದರೆ ಅಕ್ಷರ ಕಾಣುವುದಿಲ್ಲ. ನನಗೆ ಕನ್ನಡಕ ಇದೆ ಎಂದು ಪಕ್ಕದವರಿಗೆ ಅನ್ಯಾಯ ಆಗುತ್ತದೆಯೇ? ಡಿಸ್ಲೆಕ್ಸಿಯಾ ಇರುವವರಿಗೆ ಪ್ರಶ್ನೆಯನ್ನು ಓದುವುದಕ್ಕೇ ಸಮಯ ಹೋಗುತ್ತದೆ. ಒಂದೇ ಸಾಲನ್ನು ಮೂರು ಸಲ ಓದಬೇಕು. ನಿಮ್ಮ ಮೂರು ಗಂಟೆ ಶುರುವಾಗುವ ಜಾಗಕ್ಕೆ ಅವರು ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿರುತ್ತದೆ. ಫಿಸಿಕ್ಸ್ ಪೇಪರಿನಲ್ಲಿ ಫಿಸಿಕ್ಸ್ ಎಷ್ಟು ಗೊತ್ತು ಎಂದು ನೋಡಬೇಕು ತಾನೇ?

ಫೈನಲ್ ಇಯರ್ ಫಿಸಿಕ್ಸ್

ಮೇಡಂ, ಹಾಗಾದರೆ ಕೈ ಎಷ್ಟು ಬೇಗ ಓಡುತ್ತದೆ ಎಂದು ನಮ್ಮನ್ನೂ ಅಳೆಯಬಾರದು. ಎಲ್ಲರಿಗೂ ನಾಲ್ಕು ಗಂಟೆ ಕೊಡಿ. ಇಲ್ಲ ಅಂದರೆ ಪ್ರಶ್ನೆ ಕಡಿಮೆ ಮಾಡಿ.

ಕನ್ನಡಕದ ಮೇಡಂ

ಈ ಮಾತು ಒಪ್ಪುತ್ತೇನೆ. ನಮ್ಮ ಪೇಪರುಗಳು ಉದ್ದ ಜಾಸ್ತಿ. ನಾನೂ ಅಂಥ ಪೇಪರ್ ತೆಗೆದಿದ್ದೇನೆ. ಪ್ರಶ್ನೆ ಕಡಿಮೆ ಮಾಡಿದರೆ ಎಲ್ಲರಿಗೂ ಒಳ್ಳೆಯದು. ಆದರೆ ಅದು ಆಗುವವರೆಗೆ ಈ ಹುಡುಗ ಕಾಯಬೇಕೇ? ಅವನ ಪರೀಕ್ಷೆ ಇರುವುದು ಏಳು ವಾರದಲ್ಲಿ.

ಶಟ್ಲ್ ಪ್ರಯಾಣಿಕ
ಮಂಗಳವಾರ, ಬೆಳಿಗ್ಗೆ 7:12

ಟ್ರೈನಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಟ. ನನ್ನ ಸಿಟ್ಟು ಬೇರೆ ಕಡೆ ಇದೆ. ಸರ್ಟಿಫಿಕೇಟ್ ಇರುವವರ ಮಾತು ಆಡುತ್ತಿದ್ದೇವೆ. ನಮ್ಮೂರ ಶಾಲೆಯಲ್ಲಿ ನನ್ನ ಜೊತೆ ಓದಿದ ಒಬ್ಬನಿದ್ದ. ಮನಸ್ಸಿನಲ್ಲೇ ಲೆಕ್ಕ ಮಾಡಿ ಮೇಷ್ಟ್ರಿಗಿಂತ ಮೊದಲು ಉತ್ತರ ಹೇಳುತ್ತಿದ್ದ. ಬೋರ್ಡ್ ಓದು ಅಂದರೆ ಬೆವರುತ್ತಿದ್ದ. ಒಂಬತ್ತಕ್ಕೇ ಬಿಟ್ಟು ಆಲೆಮನೆ ಕೆಲಸಕ್ಕೆ ಹೋದ. ಡಿಸ್ಲೆಕ್ಸಿಯಾ ಎಂಬ ಪದವೇ ನಮ್ಮೂರಿಗೆ ಬಂದಿರಲಿಲ್ಲ. ಇವತ್ತು ಈ ಪೋಸ್ಟ್ ಓದಿ ಅವನೇ ಕಣ್ಣ ಮುಂದೆ ಬಂದ.

ವಿಶೇಷ ಶಿಕ್ಷಕಿ ಸರಸ್ವತಿಪುರಂ
ಮಂಗಳವಾರ, ಬೆಳಿಗ್ಗೆ 9:20

ಮದ್ದೂರಿನ ಅಕ್ಕ, ಒಂದು ಮುಖ್ಯ ಪ್ರಶ್ನೆ. ತಮ್ಮನ ಸರ್ಟಿಫಿಕೇಟ್ ಯಾವ ವಯಸ್ಸಿನಲ್ಲಿ ಮಾಡಿಸಿದ್ದು? ಯಾರು ಕೊಟ್ಟದ್ದು? ಯುಡಿಐಡಿ ಕಾರ್ಡ್ (ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇದೆಯಾ?

ಮದ್ದೂರಿನ ಅಕ್ಕ

ಹದಿಮೂರನೇ ವಯಸ್ಸಿನಲ್ಲಿ. ಪ್ರೈವೇಟ್ ಸೈಕಾಲಜಿಸ್ಟ್ ಹತ್ತಿರ ರಿಪೋರ್ಟ್ ಮಾಡಿಸಿದ್ದು, ಅದನ್ನೇ ಎಲ್ಲ ಕಡೆ ಕೊಡುತ್ತಾ ಬಂದೆವು. ಕಾರ್ಡ್ ಇಲ್ಲ. ಈಗ ಅವನಿಗೆ 19.

ವಿಶೇಷ ಶಿಕ್ಷಕಿ ಸರಸ್ವತಿಪುರಂ
ಮಂಗಳವಾರ, ಬೆಳಿಗ್ಗೆ 9:51

ಗಂಟು ಇಲ್ಲೇ ಇದೆ. ತುಂಬಾ ಮನೆಗಳಲ್ಲಿ ಇದೇ ಆಗುತ್ತದೆ, ನಿಮ್ಮದೊಬ್ಬರದೇ ಅಲ್ಲ.

2018ರ ಜನವರಿಯ ಮಾರ್ಗಸೂಚಿ ಪ್ರಕಾರ ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷ ತುಂಬಿದ ಮೇಲೆ ಕೊಡುತ್ತಾರೆ. 14ಕ್ಕೆ ಒಂದು ಸಲ, 18ಕ್ಕೆ ಒಂದು ಸಲ ಮತ್ತೆ ಪರೀಕ್ಷೆ ಮಾಡಿಸಬೇಕು. 18ರಲ್ಲಿ ಸಿಕ್ಕಿದ್ದು ಜೀವಮಾನವಿಡೀ ನಡೆಯುತ್ತದೆ. ಸ್ಕೂಲಿನಲ್ಲಿ ಹೇಗೋ ನಡೆದುಹೋಗುತ್ತದೆ, ಪಿಯುಸಿ ಮುಗಿಯುವ ಹೊತ್ತಿಗೆ ಹುಡುಗರಿಗೆ 18 ತುಂಬುತ್ತದೆ. ಸರಿಯಾಗಿ ಅದೇ ವರ್ಷ ಕಾಲೇಜು ಬದಲಾಗುತ್ತದೆ, ಊರು ಬದಲಾಗುತ್ತದೆ. ಹೊಸ ಕಾಗದ ಮಾಡಿಸಬೇಕು ಎಂದು ಯಾರೂ ಹೇಳುವುದಿಲ್ಲ. ಹಳೆಯ ರಿಪೋರ್ಟ್ ಹಿಡಿದುಕೊಂಡು ಹೋದರೆ ಕಾಲೇಜಿನವರು ನೋಡುವುದೂ ಇಲ್ಲ.

ಈಗ ಹೀಗೆ ಮಾಡಿ. ಯುಡಿಐಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಆಧಾರ್ ಮದ್ದೂರಿನ ವಿಳಾಸಕ್ಕೆ ಇದ್ದರೆ ಮಂಡ್ಯ ಜಿಲ್ಲೆಯಲ್ಲೇ ಮಾಡಿಸಬಹುದು. ಇಲ್ಲಿ ಯಾವುದಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರೆ ಇಲ್ಲೂ ಆಗುತ್ತದೆ. ಒಂದು ಕಡೆ ಕೊಟ್ಟ ಪ್ರಮಾಣಪತ್ರ ದೇಶದಲ್ಲೆಲ್ಲ ನಡೆಯುತ್ತದೆ. ಮತ್ತೆ ಟೆಸ್ಟ್ ಮಾಡಿಸಲು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಹೆಸರು ನೋಡಿ ಕಿವಿ, ಮಾತಿನ ತೊಂದರೆಗೆ ಮಾತ್ರ ಎಂದುಕೊಳ್ಳುತ್ತಾರೆ. ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ, ಕಲಿಕಾ ತೊಂದರೆಯನ್ನೂ ನೋಡುತ್ತಾರೆ.

ಏಳನೇ ಕ್ಲಾಸಿನ ರಿಪೋರ್ಟ್, ಎಸ್ಸೆಸ್ಸೆಲ್ಸಿಯಲ್ಲಿ ಸಮಯ ಕೊಟ್ಟ ಆದೇಶ, ಪಿಯುಸಿದು, ಯಾವುದನ್ನೂ ಎಸೆಯಬೇಡಿ. ಎಲ್ಲದರ ಜೆರಾಕ್ಸ್ ಸೇರಿಸಿ ಕಾಲೇಜಿಗೆ ಅರ್ಜಿ ಇವತ್ತೇ ಕೊಡಿ. "ಹೊಸ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೇವೆ, ಬಂದ ತಕ್ಷಣ ಸಲ್ಲಿಸುತ್ತೇವೆ" ಎಂದು ಬರೆಯಿರಿ. ಕಾರ್ಡ್ ಬರಲಿ ಎಂದು ಕಾಯಬೇಡಿ.

ಗೂಡ್ಸ್ ಆಟೋ

ಅಂಗವೈಕಲ್ಯ 40% ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ನಮ್ಮ ಅಣ್ಣನ ಮಗನಿಗೆ ಹಾಗೇ ಹೇಳಿ ಕಳಿಸಿದರು. ಸುಮ್ನೆ ಆಸೆ ಹುಟ್ಟಿಸಬೇಡಿ.

ಕುಕ್ಕರಹಳ್ಳಿ ದಂಡೆ
ಮಂಗಳವಾರ, ಮಧ್ಯಾಹ್ನ 1:15

ಸೀಟಿನ ಮೀಸಲಾತಿಗೆ 40% ಬೇಕು, ಅದು ಸರಿ. ಪರೀಕ್ಷೆಯ ಸೌಲಭ್ಯದ ಮಾತು ಬೇರೆ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಯುಪಿಎಸ್‌ಸಿ ಪರೀಕ್ಷೆ ಬರೆಯುವ ಹುಡುಗ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ. 40% ಇಲ್ಲ ಎಂದು ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಕೊಡಲಿಲ್ಲ. 40% ಎಂಬ ಗೆರೆ ಮೀಸಲಾತಿಗೆ ಇರುವುದು, ಅದನ್ನು ತಂದು ಸ್ಕ್ರೈಬ್ ಸೌಲಭ್ಯಕ್ಕೆ ಅಡ್ಡ ಇಡಬೇಡಿ ಎಂದು ಕೋರ್ಟ್ ಹೇಳಿತು. ಅದಾದ ಮೇಲೆ 2022ರ ಆಗಸ್ಟಿನಲ್ಲಿ, 40%ಗಿಂತ ಕಡಿಮೆ ಇದ್ದು ಬರೆಯಲು ಕಷ್ಟ ಇರುವವರಿಗಾಗಿ ಬೇರೆ ಮಾರ್ಗಸೂಚಿಯೇ ಬಂತು.

ಅದೇ 2021ರ ನವೆಂಬರಿನಲ್ಲಿ ಇನ್ನೊಂದು ತೀರ್ಪು. ನೀಟ್ ಬರೆದ ಡಿಸ್‌ಗ್ರಾಫಿಯಾ ಹುಡುಗಿಗೆ ಒಂದು ಗಂಟೆ ಜಾಸ್ತಿ ಕೊಡದೆ ಪೇಪರ್ ಕಿತ್ತುಕೊಂಡಿದ್ದರು. ಅದು ತಪ್ಪು ಎಂದೇ ಕೋರ್ಟ್ ಹೇಳಿತು.

ನಿಮ್ಮ ಅಣ್ಣನ ಮಗನನ್ನು ಇನ್ನೊಂದು ಸಲ ಕಳಿಸಿ ಅಣ್ಣ. ದಯವಿಟ್ಟು.

ವಿಶೇಷ ಶಿಕ್ಷಕಿ ಸರಸ್ವತಿಪುರಂ

ಅಷ್ಟಕ್ಕೂ ಡಿಸ್ಲೆಕ್ಸಿಯಾವನ್ನು ಶೇಕಡದಲ್ಲಿ ಅಳೆಯುವುದೇ ಕಷ್ಟ. 2019ರಲ್ಲಿ ಬಂದ ಮೆಡಿಕಲ್ ಪ್ರವೇಶದ ನಿಯಮದಲ್ಲೇ, ತೀವ್ರತೆ ಅಳೆಯುವ ಮಾಪಕ ಸದ್ಯಕ್ಕೆ ಇಲ್ಲ, ಹಾಗಾಗಿ 40% ಎಂಬ ಗೆರೆಗೆ ಸರಿಯಾದ ಆಧಾರ ಇಲ್ಲ ಎಂದು ಬರೆದಿದ್ದರು.

ಮಂಡ್ಯ ಮೆಕ್ಯಾನಿಕಲ್
ಮಂಗಳವಾರ, ಸಂಜೆ 6:44

ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಎಡಿಎಚ್‌ಡಿ (ಗಮನ ಹಿಡಿದಿಡಲು ಕಷ್ಟವಾಗುವ ತೊಂದರೆ) ಇದೆ, ಹೋದ ವರ್ಷವಷ್ಟೇ ಗೊತ್ತಾಗಿದ್ದು. ನನ್ನಂಥವರಿಗೆ ಈ ಕಾನೂನಿನಲ್ಲಿ ಏನಾದರೂ ಇದೆಯಾ?

ನನ್ನ ಕಥೆ ಹೇಳುತ್ತೇನೆ. ಆಸಕ್ತಿ ಇದ್ದ ಕೆಲಸಕ್ಕೆ ಕೂತರೆ ಊಟ ಮರೆಯುತ್ತೇನೆ. ರೆಕಾರ್ಡ್ ಬರೆ ಅಂದರೆ ಪುಸ್ತಕ ತೆಗೆಯುವುದಕ್ಕೇ ನಾಲ್ಕು ದಿನ. ಬೇಕು ಎಂದು ಮುಂದೂಡುವುದಿಲ್ಲ. ಪುಸ್ತಕದ ಮುಂದೆ ಕೂತಿರುತ್ತೇನೆ, ಕೈ ಚಲಿಸುವುದಿಲ್ಲ, ಒಳಗೆ ಬೈಗುಳ ನಡೆಯುತ್ತಲೇ ಇರುತ್ತದೆ. ಅಮ್ಮನಿಗೆ ಇದನ್ನು ವಿವರಿಸಲು ಎರಡು ವರ್ಷ ಬೇಕಾಯಿತು. "ಮೊಬೈಲ್ ಬಿಡು, ಎಲ್ಲಾ ಸರಿ ಹೋಗುತ್ತೆ" ಅನ್ನುತ್ತಿದ್ದರು.

ಕುಕ್ಕರಹಳ್ಳಿ ದಂಡೆ

ಆ 21ರ ಪಟ್ಟಿಯಲ್ಲಿ ಎಡಿಎಚ್‌ಡಿ ಬೇರೆ ಹೆಸರಾಗಿ ಇಲ್ಲ. ತುಂಬಾ ಜನರಿಗೆ ಅದರ ಜೊತೆ ಕಲಿಕಾ ನ್ಯೂನತೆಯೂ ಇರುತ್ತದೆ, ಅದಿದ್ದರೆ ಆ ದಾರಿಯಲ್ಲಿ ಸಿಗುತ್ತದೆ. ಎಡಿಎಚ್‌ಡಿ ಒಂದೇ ಇದ್ದರೆ ಕಾಲೇಜಿನವರ ಮನಸ್ಸಿನ ಮೇಲೆ ಬಿಟ್ಟಿದ್ದು. ಇದು ಕಾನೂನಿನಲ್ಲಿರುವ ದೊಡ್ಡ ತೂತು ಎಂದೇ ನನ್ನ ಅಭಿಪ್ರಾಯ.

ಕನ್ನಡಕದ ಮೇಡಂ
ಮಂಗಳವಾರ, ರಾತ್ರಿ 8:30

ಮೆಕ್ಯಾನಿಕಲ್ ಹುಡುಗನಿಗೆ: ಕಾನೂನು ಇಲ್ಲದೆಯೂ ಒಬ್ಬ ಮೇಷ್ಟ್ರು ಮಾಡಬಹುದಾದದ್ದು ತುಂಬಾ ಇದೆ. ನನ್ನ ಲ್ಯಾಬಿನಲ್ಲಿ ಒಬ್ಬಳಿಗೆ ಸೆಮಿಸ್ಟರ್ ಕೊನೆಗೆ ಪೂರ್ತಿ ರೆಕಾರ್ಡ್ ತರಬೇಡ, ಪ್ರತಿ ಗುರುವಾರ ಒಂದೇ ಪ್ರಯೋಗ ತಂದು ತೋರಿಸು ಎಂದೆ. ಮುಗಿಯಿತು ಅಷ್ಟೇ. ಹತ್ತು ಪ್ರಯೋಗಕ್ಕೆ ಹತ್ತು ಗುರುವಾರ. ನನಗೆ ಹಿಡಿದದ್ದು ವಾರಕ್ಕೆ ಎರಡು ನಿಮಿಷ. ಅವಳು ಮೊದಲ ವರ್ಷ ಇದೇ ಲ್ಯಾಬಿನಲ್ಲಿ ರೆಕಾರ್ಡ್ ಕೊಡದೆ ಇಂಟರ್ನಲ್ ಮಾರ್ಕ್ಸ್ ಕಳೆದುಕೊಂಡಿದ್ದಳು. ಆ ವರ್ಷ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದವಳು ನಾನೇ. ಅವಳು ತಲೆ ತಗ್ಗಿಸಿ ನಿಂತದ್ದು ಇನ್ನೂ ಮನಸ್ಸಿನಲ್ಲಿದೆ. ಕೊನೆಗೆ ಒಂದು ದಿನ ಕೂರಿಸಿಕೊಂಡು "ನಿನಗೆ ಎಲ್ಲಿ ಕಷ್ಟ ಆಗುತ್ತೆ?" ಎಂದು ಕೇಳಿದ ಮೇಲೇ ಈ ಗುರುವಾರದ ದಾರಿ ಸಿಕ್ಕಿದ್ದು. ಅದನ್ನು ಹೇಳಿಕೊಟ್ಟವಳೂ ಅವಳೇ.

ಮಂಡ್ಯ ಮೆಕ್ಯಾನಿಕಲ್

ಮೇಡಂ, ಗುರುವಾರದ ಉಪಾಯ ನಮ್ಮ ಸರ್‌ಗೆ ತೋರಿಸುತ್ತೇನೆ. ಥ್ಯಾಂಕ್ಸ್.

ಗಂಗೋತ್ರಿ ನೇರಳೆ ಮರ
ಬುಧವಾರ, ಬೆಳಿಗ್ಗೆ 5:50

ಇಲ್ಲಿ ಯಾರೂ ಆಟಿಸಂ ಇರುವವರು ಮಾತಾಡಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಮಾನಸಗಂಗೋತ್ರಿಯಲ್ಲಿ ಎಂಎ ಓದುತ್ತಿದ್ದೇನೆ. ನನಗೆ ಪರೀಕ್ಷೆ ಕಷ್ಟವೇ ಅಲ್ಲ. ಹೇಳಿದರೆ ನಂಬುವುದಿಲ್ಲ, ಪರೀಕ್ಷೆ ಹಾಲ್ ನನಗೆ ಇಷ್ಟ. ಎಲ್ಲರೂ ಸುಮ್ಮನಿರುತ್ತಾರೆ, ಕೂರುವ ಜಾಗಕ್ಕೆ ನಂಬರ್ ಇರುತ್ತದೆ, ಏನು ಮಾಡಬೇಕು ಎಂದು ಕಾಗದದಲ್ಲಿ ಬರೆದಿರುತ್ತದೆ.

ಕಷ್ಟ ಇರುವುದು ಉಳಿದ ಎಲ್ಲದರಲ್ಲಿ. ಮೆಸ್‌ನಲ್ಲಿ ಸ್ಟೀಲ್ ತಟ್ಟೆಗಳ ಸದ್ದು ನನಗೆ ಹಲ್ಲಿನೊಳಗೆ ಕೇಳಿಸುತ್ತದೆ. ಮೊದಲ ಎರಡು ತಿಂಗಳು ರಾತ್ರಿ ಊಟಕ್ಕೆ ಹೋಗಲೇ ಇಲ್ಲ, ಬ್ರೆಡ್ ತಿಂದು ಮಲಗುತ್ತಿದ್ದೆ. ಜಂಬ ಅಂದುಕೊಂಡರು. ಆಮೇಲೆ ಮೆಸ್ ಅಕ್ಕನಿಗೆ ಹೇಳಿದೆ. ಅವರು ಒಂದೇ ಮಾತಿಗೆ "ಏಳೂಕಾಲಿಗೆ ಬಂದುಬಿಡವ್ವ, ಆಗ ಯಾರೂ ಇರಲ್ಲ" ಎಂದರು. ನ್ಯೂರೋಡೈವರ್ಸಿಟಿ (ಎಲ್ಲರ ಮಿದುಳೂ ಒಂದೇ ಥರ ಕೆಲಸ ಮಾಡುವುದಿಲ್ಲ ಎಂಬ ವಿಚಾರ) ಎಂಬ ಪದ ಅವರು ಕೇಳಿರಲಾರರು. ಈ ಊರಿನಲ್ಲಿ ನನಗೆ ಮೊದಲು ಸಹಾಯ ಮಾಡಿದವರು ಅವರೇ.

ಇನ್ನೊಂದು, ಮಾತು. ಯಾರಾದರೂ ಹೊರಡುವಾಗ "ಬರ್ತೀನಿ" ಅಂತಾರೆ. ಚಿಕ್ಕವಳಿದ್ದಾಗ ನಾನು ಬಾಗಿಲಲ್ಲೇ ಕೂತು ಕಾಯುತ್ತಿದ್ದೆ. ಈಗ ಅದು ಗೊತ್ತು. ಆದರೆ ವಿಭಾಗದಲ್ಲಿ ಗೈಡ್ "ಆಮೇಲೆ ಬಾ" ಎಂದಾಗ ಆಮೇಲೆ ಅಂದರೆ ಎಷ್ಟು ಹೊತ್ತು ಎಂದು ಗೊತ್ತಾಗದೆ ಚೇಂಬರ್ ಹೊರಗೆ ಮೂರು ಗಂಟೆ ನಿಂತಿದ್ದೇನೆ. ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ. "ನಾಳೆ ಹನ್ನೊಂದಕ್ಕೆ ಬಾ" ಎನ್ನಿ. ಅಷ್ಟು ಸಾಕು.

ಶಟ್ಲ್ ಪ್ರಯಾಣಿಕ

ನೇರಳೆ ಮರ ಅವರೇ, ದಸರಾ ಸಮಯದಲ್ಲಿ ಹೇಗೆ ತಂಗಿ? ನಮಗೇ ಆ ಹಾರ್ನು, ಮೈಕು ಸಾಕಾಗಿ ಹೋಗುತ್ತದೆ.

ಗಂಗೋತ್ರಿ ನೇರಳೆ ಮರ

ಊರಿಗೆ ಹೋಗಿಬಿಡುತ್ತೇನೆ ಅಣ್ಣ. ದೀಪಾಲಂಕಾರ ಮಾತ್ರ ತುಂಬಾ ಇಷ್ಟ. ಅದಕ್ಕೇ ಒಂದು ದಿನ ರಾತ್ರಿ ತಡವಾಗಿ ಜನ ಕರಗಿದ ಮೇಲೆ ಹೋಗಿ ನೋಡಿ ಬರುತ್ತೇನೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು.

ಪದ ಹುಡುಕುವವ
ಬುಧವಾರ, ಮಧ್ಯಾಹ್ನ 12:20

ನ್ಯೂರೋಡೈವರ್ಸಿಟಿಗೆ ಕನ್ನಡದಲ್ಲಿ ಏನೆನ್ನುವುದು? ನರವೈವಿಧ್ಯ ಎಂದು ಕೆಲವರು ಬರೆಯುತ್ತಾರೆ. ನನಗೆ ಅದು ನರದೌರ್ಬಲ್ಯದ ಔಷಧಿ ಜಾಹೀರಾತಿನ ಹಾಗೆ ಕೇಳಿಸುತ್ತದೆ. ಮಾನಸಗಂಗೋತ್ರಿ ಎಂಬ ಚೆಂದದ ಹೆಸರನ್ನು ಕುವೆಂಪು ಕೊಟ್ಟ ಊರಿನಲ್ಲಿ ಇದಕ್ಕೂ ಒಂದು ಒಳ್ಳೆಯ ಪದ ಹುಟ್ಟಬೇಕು. ಅಂದಹಾಗೆ ಈ ಪದವನ್ನು 1990ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ಹುಟ್ಟುಹಾಕಿದರು.

ಗಂಗೋತ್ರಿ ನೇರಳೆ ಮರ

ಒಬ್ಬರ ಹೆಸರಿಗೇ ಬರೆಯುವುದು ಸರಿಯಲ್ಲ ಸರ್. ಅದೇ ಕಾಲಕ್ಕೆ ಇಂಟರ್ನೆಟ್ಟಿನಲ್ಲಿ ಆಟಿಸಂ ಇರುವವರು ತಮ್ಮತಮ್ಮಲ್ಲೇ ಈ ಬಗ್ಗೆ ಮಾತಾಡುತ್ತಾ ಈ ವಿಚಾರ ಬೆಳೆಸಿದ್ದರು. ಪದ ಬಂದದ್ದು ಆ ಮಾತುಕತೆಯಿಂದ.

ಪದದ ವಿಷಯ ಬಂತಲ್ಲ, ಆಟಿಸಂಗೆ ಕನ್ನಡದಲ್ಲಿ ಹೇಳುವ "ಸ್ವಲೀನತೆ" ನನಗೆ ಇಷ್ಟ ಆಗುವುದಿಲ್ಲ. ತನ್ನೊಳಗೆ ತಾನು ಮುಳುಗಿದವರು ಎಂಬ ಅರ್ಥ. ಗ್ರೀಕ್ ಮೂಲದಲ್ಲೂ ಆಟೋಸ್ ಅಂದರೆ ತಾನು ಎಂದೇ. ನನಗೆ ಆಗುವುದು ಅದರ ಉಲ್ಟಾ. ಹೊರಗಿನ ಬೆಳಕು, ಸದ್ದು, ವಾಸನೆ ಎಲ್ಲ ಜಾಸ್ತಿ ಒಳಗೆ ಬಂದುಬಿಡುತ್ತದೆ, ಬಾಗಿಲು ಹಾಕಲು ಆಗುವುದಿಲ್ಲ.

ಟಪಾಲು ಸೆಕ್ಷನ್

ಪದ ಆಮೇಲೆ ಹುಡುಕೋಣ. ಮದ್ದೂರಿನ ಅಕ್ಕ, ಅರ್ಜಿ ಕೊಟ್ಟಿರಾ?

ಮದ್ದೂರಿನ ಅಕ್ಕ

ಕೊಟ್ಟೆ ಸರ್. ಸೀಲ್ ಹಾಕಿಸಿಕೊಂಡೆ. ಮೊದಲು ಹಾಕುವುದಿಲ್ಲ ಎಂದರು, ಅಲ್ಲೇ ನಿಂತೆ, ಹಾಕಿದರು.

ಅಕ್ಷರ ಮೇಷ್ಟ್ರು
ಬುಧವಾರ, ರಾತ್ರಿ 9:10

ನಾನು ನಿವೃತ್ತ ಕನ್ನಡ ಮೇಷ್ಟ್ರು. 34 ವರ್ಷ ಕಾಗುಣಿತ ಕಲಿಸಿದ್ದೇನೆ. ಇದನ್ನೆಲ್ಲ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಅಕ್ಷರಗಳನ್ನೇ ನೋಡಿ. ವ, ಮ. ಪ, ಷ, ಫ, ಘ. ದ, ಧ. ರ, ಠ. ಒಂದು ಗೀಟು, ಒಂದು ಚುಕ್ಕೆ, ಒಂದು ಸೀಳು, ಅಷ್ಟೇ ವ್ಯತ್ಯಾಸ. ಮೇಲೆ ತಲೆಕಟ್ಟು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. ಕಣ್ಣು ಒಂದೇ ಅಕ್ಷರಕ್ಕೆ ಮೂರು ಕಡೆ ಓಡಾಡಬೇಕು. ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ, ಅದು ಅನುಕೂಲ. ಆದ್ದರಿಂದ ಇಂಥ ಮಕ್ಕಳು ಕನ್ನಡವನ್ನು ತಪ್ಪಿಲ್ಲದೆ, ಆದರೆ ನಿಧಾನವಾಗಿ ಓದಿಬಿಡುತ್ತಾರೆ. ನಾವು ತಪ್ಪು ಎಣಿಸುತ್ತೇವೆ, ಸಮಯ ಎಣಿಸುವುದಿಲ್ಲ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಡಿಗ್ರಿಯಲ್ಲಿ ಎಲ್ಲ ಇಂಗ್ಲಿಷ್ ಆಗುತ್ತದೆ. ಅಲ್ಲಿ ಬರೆಯುವುದೊಂದು, ಓದುವುದೊಂದು. ಕನ್ನಡ ಮಾಧ್ಯಮದಿಂದ ಬಂದ ಹುಡುಗನಿಗೆ ಎರಡು ಪಟ್ಟು ಭಾರ.

ನಿಮ್ಮ ತಮ್ಮ ಕನ್ನಡ ಮಾಧ್ಯಮವೇ ಅಮ್ಮ?

ಮದ್ದೂರಿನ ಅಕ್ಕ

ಹೌದು ಸರ್, ಹತ್ತನೇ ಕ್ಲಾಸಿನವರೆಗೆ. ನೀವು ಹೇಳಿದ ವ, ಮ ಗಲಾಟೆ ನಮ್ಮ ಮನೆಯಲ್ಲಿ ದಿನಾ ನಡೆಯುತ್ತಿತ್ತು.

ಗೂಡ್ಸ್ ಆಟೋ

ಮೇಷ್ಟ್ರೇ, ಬೈದು ಹೊಡೆದು ಕಲಿಸಿದ್ದಕ್ಕೇ ನಾವು ಈ ಮಟ್ಟಕ್ಕೆ ಬಂದದ್ದು ಎಂದು ನಮ್ಮ ಕಾಲದವರೆಲ್ಲ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ.

ಅಕ್ಷರ ಮೇಷ್ಟ್ರು

ಬಂದವರು ಹೇಳುತ್ತಾರೆ ಅಪ್ಪ. ಬಿಟ್ಟುಹೋದವರನ್ನು ನಾವು ಕೇಳಲೇ ಇಲ್ಲ. ಆಲೆಮನೆಗೆ ಹೋದ ಹುಡುಗನ ವಿಷಯ ಮೇಲೆ ಒಬ್ಬರು ಬರೆದಿದ್ದಾರೆ. ನನ್ನ ಕ್ಲಾಸಿನಿಂದ ಹೋದವರ ಹೆಸರುಗಳು ನನಗೆ ಗೊತ್ತಿವೆ.

ಫೈನಲ್ ಇಯರ್ ಫಿಸಿಕ್ಸ್
ಗುರುವಾರ, ರಾತ್ರಿ 10:02

ಅಕ್ಕ, ಪೇಪರ್ ಉದ್ದದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ತಮ್ಮನಿಗೆ ಸ್ಕ್ರೈಬ್ ಬೇಕಾದರೆ ನಾನು ಬರುತ್ತೇನೆ.

ವಿಶೇಷ ಶಿಕ್ಷಕಿ ಸರಸ್ವತಿಪುರಂ

ಒಳ್ಳೆಯ ಮನಸ್ಸು, ಆದರೆ ನಿಮ್ಮನ್ನು ಬಿಡುವುದಿಲ್ಲ. ಅಭ್ಯರ್ಥಿಯೇ ಸ್ಕ್ರೈಬ್ ಕರೆತಂದರೆ ಆ ಸ್ಕ್ರೈಬ್ ಓದು ಅಭ್ಯರ್ಥಿಯದಕ್ಕಿಂತ ಕೆಳಗಿರಬೇಕು. ಪರೀಕ್ಷೆಗೆ ಎರಡು ದಿನ ಮೊದಲೇ ಸ್ಕ್ರೈಬ್ ಭೇಟಿ ಮಾಡಿಸಬೇಕು ಎಂಬ ನಿಯಮ ಇರುವುದು ಕಾಲೇಜಿನವರು ಸ್ಕ್ರೈಬ್ ಕೊಡುವಾಗ. ತುಂಬಾ ಕಡೆ ಪರೀಕ್ಷೆ ದಿನ ಬೆಳಿಗ್ಗೆ ಯಾರನ್ನೋ ತಂದು ಕೂರಿಸುತ್ತಾರೆ. ಒಪ್ಪಬೇಡಿ.

ಮದ್ದೂರಿನ ಅಕ್ಕ

ಅವನು ತಾನೇ ಬರೆಯುತ್ತೇನೆ ಅನ್ನುತ್ತಾನೆ. "ಬೇರೆಯವರಿಗೆ ಸಮೀಕರಣ ಹೇಳಿ ಬರೆಸೋದು ಇನ್ನೂ ಕಷ್ಟ" ಅಂತಾನೆ. ಸಮಯ ಒಂದು ಸಿಕ್ಕರೆ ಸಾಕಂತೆ. ಪುಸ್ತಕ ಓದುವುದೇ ಈಗ ತೊಂದರೆ. ಫೋನಿನಲ್ಲಿ ಓದಿಸಿಕೊಂಡರೆ ಸೂತ್ರಗಳು ಬಂದಾಗ ಏನೇನೋ ಹೇಳುತ್ತದೆ.

ಫೈನಲ್ ಇಯರ್ ಫಿಸಿಕ್ಸ್

ಹಾಗಾದರೆ ಎರಡನೇ ಸೆಮಿಸ್ಟರ್ ನೋಟ್ಸ್ ನಾನೇ ಓದಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ವಿವರಣೆ ಕನ್ನಡದಲ್ಲಿ, ಪದಗಳು ಇಂಗ್ಲಿಷಿನಲ್ಲಿ. ಮೆಸೇಜ್ ಮಾಡಿ.

ಮದ್ದೂರಿನ ಅಕ್ಕ
ಐದು ವಾರಗಳ ನಂತರ, ಶನಿವಾರ

ಎಲ್ಲರಿಗೂ ತಿಳಿಸಬೇಕು ಎಂದು ಬರೆಯುತ್ತಿದ್ದೇನೆ.

ಮತ್ತೆ ಟೆಸ್ಟ್ ಆಯಿತು. ಆಸ್ಪತ್ರೆಗೆ ನಾಲ್ಕು ಸಲ ಓಡಾಡಿದೆವು, ನನ್ನ ರಜೆ ಎಲ್ಲ ಅದಕ್ಕೇ ಹೋಯಿತು. ಒಂದು ಸಲ ಡಾಕ್ಟರ್ ಇರಲಿಲ್ಲ, ಇನ್ನೊಂದು ಸಲ ಸರ್ವರ್ ಇರಲಿಲ್ಲ. ಅಪ್ಪ ಕಬ್ಬು ಕಟಾವಿನ ಮಧ್ಯೆ ಬಂದು ಜೊತೆಗೆ ಕೂತರು. ಹೊರಗೆ ಬೆಂಚಿನ ಮೇಲೆ "ಸಣ್ಣವನಿದ್ದಾಗ ನಾನು ಹೊಡೀಬಾರದಿತ್ತು" ಎಂದರು. ತಮ್ಮ "ಇರ್ಲಿ ಬಿಡಪ್ಪ" ಎಂದ. ಅಷ್ಟೇ ಮಾತು.

ಪ್ರಮಾಣಪತ್ರ ಸಿಕ್ಕಿದೆ, ಕಾರ್ಡ್ ಇನ್ನೂ ಬರಬೇಕು. ಅದನ್ನು ಕಾಲೇಜಿಗೆ ಕೊಟ್ಟೆ. ಹಳೆಯ ಅರ್ಜಿ ಎಲ್ಲಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಸೀಲ್ ಹಾಕಿದ ಪ್ರತಿ ತೋರಿಸಿದೆ. ಟಪಾಲು ಸೆಕ್ಷನ್ ಸರ್, ನೀವಿಲ್ಲದಿದ್ದರೆ ಅವತ್ತು ನಾನು ವಾಪಸ್ ಬರಬೇಕಿತ್ತು. ಅಲ್ಲಿಂದ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ನೋಡಿಕೊಳ್ಳುವ ಮೌಲ್ಯಮಾಪನ ಕುಲಸಚಿವರ ಕಚೇರಿಗೆ ಪತ್ರ ಹೋಗಿದೆ. ಉತ್ತರ ಬಂದಿಲ್ಲ.

ಕುಕ್ಕರಹಳ್ಳಿ ದಂಡೆ

ಸೋಮವಾರ ಆ ಕಚೇರಿಗೆ ಹೋಗಿ. ನಾನೂ ಬರುತ್ತೇನೆ, ತೀರ್ಪಿನ ಪ್ರತಿ ತರುತ್ತೇನೆ. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರಿದ್ದಾರೆ, ವಿಕಲಚೇತನರ ದೂರು ಕೇಳುವುದಕ್ಕೇ ಇರುವ ಕಚೇರಿ. ಅಲ್ಲಿಗೆ ಬರೆಯೋಣ.

ಮದ್ದೂರಿನ ಅಕ್ಕ
ಎರಡು ವಾರಗಳ ನಂತರ, ಮಂಗಳವಾರ

ಅನುಮತಿ ಬಂತು! ಪರೀಕ್ಷೆಗೆ ಎರಡು ದಿನ ಇರುವಾಗ. ಇವತ್ತು ಮೊದಲ ಪೇಪರ್, ಮ್ಯಾತ್ಸ್. ನಾಲ್ಕು ಗಂಟೆ. ಬೇರೆ ರೂಮಿನಲ್ಲಿ ಕೂರಿಸಿದ್ದರು. ಮೂರು ಗಂಟೆ ಆದಾಗ ಮೇಲ್ವಿಚಾರಕರು ಪೇಪರ್ ಕೇಳಿದರಂತೆ, ಇವನು ಆದೇಶ ತೋರಿಸಿದ್ದಾನೆ. ಮೂರು ಗಂಟೆ ಐವತ್ತು ನಿಮಿಷಕ್ಕೆ ಮುಗಿಸಿದ. ಎಲ್ಲ ಪ್ರಶ್ನೆಯನ್ನೂ ಮುಟ್ಟಿದ್ದಾನೆ. ಹೊರಗೆ ಬಂದು ನನ್ನ ಹತ್ತಿರ ಹಸಿವು ಎಂದ. ಮಸಾಲೆ ದೋಸೆ ಎರಡು ತಿಂದ.

ಗಂಗೋತ್ರಿ ನೇರಳೆ ಮರ

ತುಂಬಾ ತುಂಬಾ ಖುಷಿಯಾಯಿತು ಅಕ್ಕ.

ಗೂಡ್ಸ್ ಆಟೋ

ಅಣ್ಣನ ಮಗನನ್ನು ಮತ್ತೆ ಕರೆದುಕೊಂಡು ಹೋಗಿದ್ದೆ. ಈ ಸಲ ಅರ್ಜಿ ತಗೊಂಡರು. 2018ರ ಆ ಪ್ರಿಂಟ್ ಯಾರ ಹತ್ತಿರವಾದರೂ ಇದ್ದರೆ ಕಳಿಸಿ.

ಕುಕ್ಕರಹಳ್ಳಿ ದಂಡೆ

ಕಳಿಸಿದೆ ಅಣ್ಣ, ನೋಡಿ.

ಮದ್ದೂರಿನ ತಮ್ಮ
ಬುಧವಾರ, ರಾತ್ರಿ 8:15

ನಮಸ್ಕಾರ, ನಾನೇ ಆ ತಮ್ಮ. ಮಾತಾಡಿ ಟೈಪ್ ಮಾಡಿಸುತ್ತಿದ್ದೇನೆ, ತಪ್ಪಿದ್ದರೆ ಹೊಂದಿಸಿಕೊಳ್ಳಿ. ಎಲ್ಲರಿಗೂ ಥ್ಯಾಂಕ್ಸ್. ಶುಕ್ರವಾರ ಫಿಸಿಕ್ಸ್ ಇದೆ.

ಫೈನಲ್ ಇಯರ್ ಅಣ್ಣ, ನಿಮ್ಮ ಮೂರನೇ ಯೂನಿಟ್ ಆಡಿಯೋ ನಾಲ್ಕು ಸಲ ಕೇಳಿದೆ. ಒಂದು ಡೌಟ್. ಮೊಮೆಂಟ್ ಆಫ್ ಇನರ್ಷಿಯಾದಲ್ಲಿ ಘನ ಗೋಳಕ್ಕೆ ಟೂ ಬೈ ತ್ರೀ ಎಂ ಆರ್ ಸ್ಕ್ವೇರ್ ಎಂದಿದ್ದೀರಿ. ಅದು ಒಳಗೆ ಟೊಳ್ಳಾದ ಗೋಳಕ್ಕೆ ಅಲ್ವಾ? ಘನ ಗೋಳದಲ್ಲಿ ತೂಕ ನಡುವಿನಲ್ಲೂ ಇರುತ್ತದೆ, ಕಡಿಮೆ ಬರಬೇಕು. ಟೂ ಬೈ ಫೈವ್.

ಫೈನಲ್ ಇಯರ್ ಫಿಸಿಕ್ಸ್
ಬುಧವಾರ, ರಾತ್ರಿ 8:40

ಹೌದು ಕಣಪ್ಪ, ಟೂ ಬೈ ಫೈವೇ. ಆ ಭಾಗ ಮತ್ತೆ ರೆಕಾರ್ಡ್ ಮಾಡಿ ಒಂಬತ್ತೂವರೆಗೆ ಕಳಿಸುತ್ತೇನೆ. ನಾಲ್ಕನೇ ಯೂನಿಟ್ ಕೂಡ ಒಂದು ಸಲ ಕೇಳಿ ನೋಡು, ಅದರಲ್ಲೂ ಏನಾದರೂ ತಪ್ಪಿದ್ದರೆ ಹೇಳು.